ಬಿಳಿ ಚೀಟಿ

ಆ ಮನೆಯ ಅಡುಗೆಮನೆಗೆ ಬಣ್ಣ ಬಂದು ಒಂದೂವರೆ ವರ್ಷವಾಗಿತ್ತು. ಉಪ್ಪಿನ ಡಬ್ಬಿಗೆ ನೀಲಿ ಚೀಟಿ, ಸಕ್ಕರೆಗೆ ಹಳದಿ, ಉಪ್ಪಿನಕಾಯಿ ಜಾಡಿಗೆ ಕೆಂಪು. ಆಲೂಗಡ್ಡೆ, ಟೊಮೆಟೊ, ಬಾಳೆಹಣ್ಣಿನ ಬುಟ್ಟಿಗಳಿಗೂ ಕೆಂಪೇ. ಅಂಟಿಸಿದವಳು ಸೊಸೆ. ಊರಿನ ದೊಡ್ಡ ಆಸ್ಪತ್ರೆಯಲ್ಲಿ ಅವಳು ಡಯಟೀಷಿಯನ್. ಅಲ್ಲಿ ಈ ಚೀಟಿಗಳನ್ನು ರೋಗಿಗಳ ಊಟದ ತಟ್ಟೆಯ ಅಂಚಿಗೆ ಅಂಟಿಸುತ್ತಾರೆ. ಒಂದು ಕಟ್ಟು ಮನೆಗೆ ತಂದು ಅವಳು ಅತ್ತೆಯ ನಲವತ್ತು ವರ್ಷದ ಸಂಸಾರಕ್ಕೆ ಅಂಟಿಸಿದ್ದಳು.

"ನನ್ನ ಹಣೆಗೂ ಒಂದು ಅಂಟಿಸಿಬಿಡು," ಎಂದಿದ್ದರು ಅತ್ತೆ ಮೊದಲ ದಿನ. "ಯಾವ ಬಣ್ಣ ಅಂತ ನೀನೇ ನೋಡ್ಕೋ."

ಇದೆಲ್ಲ ಮಾವನಿಗಾಗಿ. ಅವರು ಬಸ್ ಡಿಪೋದಲ್ಲಿ ಮೂವತ್ತೆರಡು ವರ್ಷ ದುಡಿದು ಫೋರ್‌ಮನ್ ಆಗಿ ನಿವೃತ್ತರಾದವರು. ಹೃದಯ ದೊಡ್ಡದಾಗಿದೆ, ಕಿಡ್ನಿಗಳು ಚಿಕ್ಕವಾಗಿವೆ ಎಂದು ಡಾಕ್ಟರು ಹೇಳಿದಾಗ, "ಯಾರೋ ಅಳತೆ ತಪ್ಪಿ ಸ್ಪೇರ್ ಪಾರ್ಟ್ ಹಾಕಿದ್ದಾರೆ," ಎಂದು ನಕ್ಕವರು ಇಡೀ ಕೋಣೆಯಲ್ಲಿ ಅವರೊಬ್ಬರೇ. ಅಂದಿನಿಂದ ಉಪ್ಪು ಬಂದ್. ನೀರು ದಿನಕ್ಕೆ ಒಂದು ಲೀಟರ್, ಗೆರೆ ಹಾಕಿದ ಬಾಟಲಿಯಲ್ಲಿ. ಆಲೂಗಡ್ಡೆ ಬೇಕೇ ಬೇಕು ಎಂದರೆ ತೆಳ್ಳಗೆ ಹೆಚ್ಚಿ, ಎರಡು ಗಂಟೆ ನೆನೆಸಿ, ಕೊಡಗಟ್ಟಲೆ ನೀರಿನಲ್ಲಿ ಬೇಯಿಸಿ, ಆ ನೀರನ್ನೆಲ್ಲ ಚೆಲ್ಲಬೇಕು. ಚೆಲ್ಲುವಾಗ ಅತ್ತೆ ಪಕ್ಕದಲ್ಲಿ ನಿಂತು ನೋಡುತ್ತಿದ್ದರು.

"ರುಚಿಯೆಲ್ಲ ಮೋರಿಗೆ ಹೋಯ್ತು."

"ರುಚಿ ಅಲ್ಲ ಅತ್ತೆ, ಪೊಟ್ಯಾಸಿಯಂ. ಅದು ರಕ್ತದಲ್ಲಿ ಜಾಸ್ತಿ ಆದ್ರೆ ಹೃದಯ ನಿಂತುಹೋಗುತ್ತೆ."

"ಅವರ ಮುಖದ ಕಳೆನೂ ಅದರ ಜೊತೆಗೇ ಹೋಗಿದೆ, ನೋಡ್ಕೋ."

ಮಾವ ಸೊಸೆಯನ್ನು ಇನ್‌ಸ್ಪೆಕ್ಟರ್ ಎಂದು ಕರೆಯುತ್ತಿದ್ದರು. ಹದಿಮೂರು ವರ್ಷದ ಮೊಮ್ಮಗಳು ಕಂಡಕ್ಟರ್. ಅವಳು ಶಾಲೆಯಿಂದ ಬರುವಾಗ ಸಮವಸ್ತ್ರದ ಜೇಬಿನಲ್ಲಿ ನಾಲ್ಕು ಚಿಪ್ಸ್ ತಂದು ತಾತನ ಕೈಗೆ ಹಾಕುವುದು, ಅದನ್ನು ಸೊಸೆ ಕಂಡುಹಿಡಿಯುವುದು, ಮನೆಯಲ್ಲಿ ಒಂದು ಗಂಟೆ ವಿಚಾರಣೆ ನಡೆಯುವುದು ವಾರಕ್ಕೊಮ್ಮೆ ಇದ್ದೇ ಇತ್ತು.

ಆಸ್ಪತ್ರೆಯಲ್ಲಿ ಸೊಸೆಯ ಕೋಣೆ ಲಿಫ್ಟಿಗೂ ಸ್ಟೋರ್ ರೂಮಿಗೂ ನಡುವೆ ಇತ್ತು. ಬಾಗಿಲು ತಟ್ಟುವವರಲ್ಲಿ ಅರ್ಧದಷ್ಟು ಜನ ಲಿಫ್ಟ್ ಯಾಕೆ ಬರುತ್ತಿಲ್ಲ ಎಂದು ಕೇಳಲು ಬಂದವರು. ಉಳಿದವರನ್ನು ಕೂರಿಸಿ ಅವಳು ಮೊದಲು ಕೇಳುವ ಪ್ರಶ್ನೆ, "ನಿನ್ನೆ ಬೆಳಿಗ್ಗೆ ಎದ್ದಾಗಿನಿಂದ ಮಲಗೋ ತನಕ ಏನೇನು ತಿಂದ್ರಿ?" ಹದಿನಾರು ವರ್ಷ ಈ ಪ್ರಶ್ನೆ ಕೇಳಿ ಅವಳಿಗೆ ಮನುಷ್ಯರ ಬಗ್ಗೆ ಒಂದು ಅಂದಾಜು ಬಂದಿತ್ತು. ದಪ್ಪಗಿದ್ದವರು ತಿಂದದ್ದರಲ್ಲಿ ಕಳೆದು ಹೇಳುತ್ತಾರೆ, ಸಣಕಲಾದವರು ಕೂಡಿಸಿ ಹೇಳುತ್ತಾರೆ. ಹೆಂಡತಿ ಪಕ್ಕದಲ್ಲಿದ್ದರೆ ಗಂಡಸರು ಏನನ್ನೂ ಹೇಳುವುದಿಲ್ಲ.

ಪ್ರಶ್ನೆ ಮುಗಿದ ಮೇಲೆ ಚೀಟಿ. ನೀಲಿ ಎಂದರೆ ಉಪ್ಪು ಕಡಿಮೆ, ಹಳದಿ ಎಂದರೆ ಸಕ್ಕರೆ ಕಡಿಮೆ, ಕೆಂಪು ಎಂದರೆ ಮುಟ್ಟಲೇಬಾರದು. ಕೊನೆಯದು ಬಿಳಿ: ಏನು ಬೇಕಾದರೂ ತಿನ್ನಬಹುದು. ಬಿಳಿ ಚೀಟಿ ಎರಡು ಥರದ ಜನಕ್ಕೆ ಸಿಗುತ್ತದೆ. ಗುಣವಾಗಿ ನಾಳೆ ಮನೆಗೆ ಹೋಗುವವರಿಗೆ, ಮತ್ತು ಇನ್ನು ಪಥ್ಯದಿಂದ ಏನೂ ಆಗಬೇಕಾಗಿಲ್ಲದವರಿಗೆ. ಎರಡನ್ನೂ ಒಂದೇ ಕಟ್ಟಿನಿಂದ ಹರಿಯುತ್ತಾರೆ. ತಟ್ಟೆ ತುಂಬುವ ಅಡುಗೆಯವರಿಗೆ ವ್ಯತ್ಯಾಸ ತಿಳಿಯುವುದಿಲ್ಲ. ತಿಳಿಯಬೇಕಾದ ಅಗತ್ಯವೂ ಇಲ್ಲ.

ಮಾವನ ಬಿಳಿ ಚೀಟಿ ಬಂದದ್ದು ಒಂದು ಮಂಗಳವಾರ, ಲಿಫ್ಟಿನ ಮುಂದೆ. ಡಾಕ್ಟರು ಮೇಲಿನ ಮಹಡಿಗೆ ಹೊರಟಿದ್ದರು.

"ರಿಪೋರ್ಟ್ ನೋಡಿದ್ರಲ್ಲ?"

"ನೋಡಿದೆ ಸರ್."

"ಡಯಾಲಿಸಿಸ್‌ಗೆ ಹಾಕಿದ್ರೆ ಹಾರ್ಟ್ ತಡೆಯಲ್ಲ. ಹಾಕದಿದ್ರೆ..." ಲಿಫ್ಟ್ ಬಂತು. ಅವರು ಒಳಗೆ ಕಾಲಿಟ್ಟು ಬಾಗಿಲನ್ನು ಕೈಯಿಂದ ತಡೆದುಕೊಂಡರು. "ಒಂದು ತಿಂಗಳು ಅನ್ನಿ. ಜಾಸ್ತಿ ಅಂದ್ರೆ ಆರು ವಾರ. ಇನ್ನು ಅವರಿಗೇನು ಇಷ್ಟವೋ ಕೊಡಿ. ಮನೇಲಿ ನೀವೇ ಹೇಳಿಬಿಡಿ. ನೀವು ಹೇಳಿದ್ರೆ ಸಮಾಧಾನವಾಗಿ ಕೇಳ್ತಾರೆ."

ಆ ಮನೆಯಲ್ಲಿ ಒಂದೂವರೆ ವರ್ಷದಿಂದ ಅವಳ ಒಂದು ಮಾತನ್ನೂ ಯಾರೂ ಸಮಾಧಾನವಾಗಿ ಕೇಳಿರಲಿಲ್ಲ ಎನ್ನುವುದು ಡಾಕ್ಟರಿಗೆ ಗೊತ್ತಿರಲಿಲ್ಲ.

ಗಂಡ ಡ್ರೈವಿಂಗ್ ಶಾಲೆಯಲ್ಲಿ ಮೇಷ್ಟ್ರು. ಪಕ್ಕದ ಸೀಟಿನಲ್ಲಿ ಕೂತು ಬೇರೆಯವರ ಕಾಲನ್ನು ನಂಬಿ ಬದುಕುವ ಕೆಲಸ. ಸಾಯಂಕಾಲ ಆಸ್ಪತ್ರೆಯ ಎದುರಿನ ಬೀದಿಯಲ್ಲಿ ಕಾರು ನಿಲ್ಲಿಸಿಕೊಂಡು, ಅಭ್ಯಾಸದಂತೆ ಪಕ್ಕದ ಸೀಟಿನಲ್ಲೇ ಕೂತು ಕಾಯುತ್ತಿದ್ದ. ಅವಳು ಚಾಲಕನ ಸೀಟಿನಲ್ಲೇ ಕೂತು, ಸ್ಟಿಯರಿಂಗ್ ಮೇಲೆ ಕೈಯಿಟ್ಟುಕೊಂಡು, ಡಾಕ್ಟರು ಹೇಳಿದ್ದನ್ನು ಹೇಳಿದಳು. ಅವನು ತನ್ನ ಕಾಲಡಿಯಲ್ಲಿದ್ದ, ಕಲಿಸುವವರಿಗೆಂದು ಇರುವ ಎರಡನೇ ಬ್ರೇಕನ್ನು ಒತ್ತಿದ. ಕಾರು ನಿಂತೇ ಇತ್ತು.

"ಅಮ್ಮನಿಗೆ ನಾನೇ ಹೇಳ್ತೀನಿ," ಎಂದ.

"ಯಾವಾಗ?"

"ಭಾನುವಾರ. ಭಾನುವಾರ ಎಲ್ಲರೂ ಮನೇಲಿರ್ತೀವಿ."

ಮಾತನ್ನು ಭಾನುವಾರದ ತನಕ ತಡೆದುಕೊಳ್ಳಬಹುದಿತ್ತು. ಆದರೆ ಆ ಸಂಜೆ ಆಲೂಗಡ್ಡೆ ನೆನೆಹಾಕಲು ಅವಳ ಕೈ ಬರಲಿಲ್ಲ. ಹೆಚ್ಚಿದ ಹೋಳುಗಳನ್ನು ಹಾಗೇ ಬಿಟ್ಟು ಒಂದೊಂದೇ ಡಬ್ಬಿ ಇಳಿಸಿ, ಉಗುರಿನಿಂದ ಕೆರೆದು, ಚೀಟಿಗಳನ್ನು ಕೀಳತೊಡಗಿದಳು. ಅತ್ತೆ ಬಾಗಿಲಲ್ಲಿ ನಿಂತು ನೋಡಿದರು.

"ಏನಾಯ್ತೇ?"

"ಇನ್ನು ಪಥ್ಯ ಬೇಡವಂತೆ ಅತ್ತೆ. ಡಾಕ್ಟರು ಹೇಳಿದ್ರು. ಏನು ಬೇಕಾದ್ರೂ ತಿನ್ನಬಹುದಂತೆ."

ಅವಳ ಲೆಕ್ಕದಲ್ಲಿ ಅವಳು ಎಲ್ಲವನ್ನೂ ಹೇಳಿಬಿಟ್ಟಿದ್ದಳು. ಆಸ್ಪತ್ರೆಯಲ್ಲಾಗಿದ್ದರೆ ಯಾವ ನರ್ಸೂ ಎರಡನೇ ಪ್ರಶ್ನೆ ಕೇಳುತ್ತಿರಲಿಲ್ಲ. ಅತ್ತೆಯೂ ಕೇಳಲಿಲ್ಲ. ಹತ್ತಿರ ಬಂದು ಸೊಸೆಯ ಮುಖವನ್ನು ಎರಡೂ ಅಂಗೈಯಲ್ಲಿ ಹಿಡಿದುಕೊಂಡರು. ಕೈಯಲ್ಲಿ ಹಿಟ್ಟಿತ್ತು.

"ಒಂದೂವರೆ ವರ್ಷ ನಿನ್ನನ್ನ ಬಾಯಿಗೆ ಬಂದಂಗೆ ಬೈದೆ. ಗುಣ ಮಾಡಿಬಿಟ್ಟೆಯಲ್ಲೇ ನೀನು."

ಮದುವೆಯಾಗಿ ಹದಿನಾಲ್ಕು ವರ್ಷಕ್ಕೆ ಅತ್ತೆಯಿಂದ ಬಂದ ಮೊದಲ ಹೊಗಳಿಕೆ. ಅವಳು ಅದನ್ನು ತಿದ್ದಿ ಹೇಳುವುದರೊಳಗೆ ಅತ್ತೆ ಹಜಾರಕ್ಕೆ ಹೋಗಿ ತಂಗಿಗೆ ಫೋನು ಹಚ್ಚಿಯಾಗಿತ್ತು. "ಗುಣ ಆಯ್ತು ಕಣೇ. ಹೂಂ, ಪೂರ್ತಿ. ನಮ್ಮ ಸೊಸೇನೇ ಮಾಡಿದ್ದು. ಓದಿದವಳು ಅಂದ್ರೆ ಸುಮ್ನೇನಾ?"

ಆ ರಾತ್ರಿ ಊಟಕ್ಕೆ ಎಣ್ಣೆಯಲ್ಲಿ ಕೆಂಪಗೆ ಹುರಿದ ಆಲೂಗಡ್ಡೆ, ಮೇಲೆ ಉಪ್ಪು, ಮೆಣಸಿನಪುಡಿ. ಮಾವ ಒಂದು ತುಂಡು ಬಾಯಿಗಿಟ್ಟುಕೊಂಡು ಕಣ್ಣು ಮುಚ್ಚಿದರು. ಎಲ್ಲರೂ ಅವರ ದವಡೆಯನ್ನೇ ನೋಡುತ್ತಿದ್ದರು.

"ಹೇಗಿದೆ ರೀ?"

"ನನ್ನ ಹಳೇ ಸಂಬಂಧಿಕರು ಸಿಕ್ಕ ಹಾಗಾಯ್ತು," ಎಂದರು ಮಾವ. ಆಮೇಲೆ ಮೇಜಿನ ಮೇಲೆ ಕಣ್ಣಾಡಿಸಿ, "ನನ್ನ ಬಾಟಲಿ ಎಲ್ಲಿ?" ಎಂದರು.

"ಇನ್ನು ಅಳತೆ ಬೇಡ ಮಾವ," ಎಂದು ಸೊಸೆ ಜಗ್ಗಿನಿಂದ ಲೋಟಕ್ಕೆ ನೀರು ಬಗ್ಗಿಸಿದಳು. ಮಾವ ಲೋಟ ನೋಡಿದರು, ಅವಳ ಮುಖ ನೋಡಿದರು, ಲೋಟ ಎತ್ತಿ ಕುಡಿದರು.

ಊಟವಾದ ಮೇಲೆ ಕೈತೊಳೆಯುವ ನಲ್ಲಿಯ ಹತ್ತಿರ ಅವರಿಬ್ಬರೇ ಆದಾಗ, "ಗುಜರಿಗೆ ಬರೆದಾದ ಬಸ್ಸಿಗೆ ನಮ್ಮ ಡಿಪೋದಲ್ಲಿ ಆಯಿಲ್ ಬದಲಾಯಿಸ್ತಿರಲಿಲ್ಲ," ಎಂದರು. "ಡ್ರೈವರಿಗೆ ಖುಷಿಯೋ ಖುಷಿ. ಸರ್ವಿಸಿಗೆ ನಿಲ್ಲಿಸೋ ರಗಳೆ ಇಲ್ಲ ಅಂತ."

ಸೊಸೆ ಟವೆಲ್ ಹಿಡಿದುಕೊಂಡು ನಿಂತಿದ್ದಳು.

"ಎಷ್ಟು ದಿನ ಓಡುತ್ತೆ, ಇನ್‌ಸ್ಪೆಕ್ಟ್ರೇ? ನನ್ನ ಹತ್ತಿರ ಮುಚ್ಚಿಡಬೇಡ."

"ಒಂದು ತಿಂಗಳು ಅಂದ್ರು ಮಾವ."

"ಹೂಂ." ಬೆರಳ ಸಂದಿಗಳನ್ನು ನಿಧಾನವಾಗಿ ಒರೆಸಿಕೊಂಡರು. "ನಿಮ್ಮತ್ತೆಗೆ ಯಾರು ಹೇಳೋರು?"

"ನಿಮ್ಮ ಮಗ. ಭಾನುವಾರ."

"ಸರಿ ಹೋಯ್ತು. ಅಂದ್ರೆ ಯಾರೂ ಹೇಳಲ್ಲ ಬಿಡು."

ಮಾವ ಮಗನನ್ನು ನಲವತ್ತು ವರ್ಷದಿಂದ ಬಲ್ಲವರು. ಮೊದಲ ಭಾನುವಾರ ಅವನು ಬೆಳಿಗ್ಗೆಯೇ ಅಡುಗೆಮನೆಗೆ ಹೋದ. ಸೊಸೆ ಹಜಾರದಲ್ಲಿ ಬಟ್ಟೆ ಮಡಚುತ್ತ ಕಿವಿಯಾನಿಸಿದ್ದಳು.

"ಅಮ್ಮಾ, ಒಂದು ವಿಷಯ."

"ಬಾ ಇಲ್ಲಿ, ಬಾಯಿ ತೆಗಿ. ಉಪ್ಪು ನೋಡು. ನಂಗೆ ಉಪ್ಪು ಹಾಕೋ ಕೈಯೇ ಮರೆತುಹೋಗಿದೆ."

ಬಾಯಿ ಚಪ್ಪರಿಸಿದ ಸದ್ದು.

"ಸರಿಯಾಗಿದೆ ಅಮ್ಮ."

"ಏನು ವಿಷಯ ಅಂದೆ?"

"ಅದೇ. ಚೆನ್ನಾಗಿದೆ ಅಂತ."

ಎರಡನೇ ಭಾನುವಾರ ಅವನಿಗೆ ತುರ್ತಾಗಿ ಯಾರಿಗೋ ರಿವರ್ಸ್ ಕಲಿಸಬೇಕಾಗಿತ್ತು. ಬೆಳಿಗ್ಗೆ ಹೋದವನು ಕತ್ತಲಾದ ಮೇಲೆ ಬಂದ.

ಅತ್ತೆ ಮಾತ್ರ ಹತ್ತು ವರ್ಷ ಹಿಂದಕ್ಕೆ ಹೋಗಿದ್ದರು. ಬೆಳಿಗ್ಗೆ ಎದ್ದರೆ ಮಾರುಕಟ್ಟೆ. ತಿಂಡಿಯ ಹೊತ್ತಿಗೆ ಮೊಟ್ಟೆ, ಬೆಣ್ಣೆ. ಮಧ್ಯಾಹ್ನಕ್ಕೆ ಎರಡು ಪಲ್ಯ, ಟೊಮೆಟೊ ಸಾರು. ಸಂಜೆಗೆ ಕರಿದದ್ದೇನಾದರೂ. ಕಾಲಿನ ನೋವನ್ನೂ ಮರೆತಿದ್ದರು. ಊಟಕ್ಕೆ ಬಡಿಸುತ್ತ, "ಅವತ್ತು ಆ ಸಪ್ಪೆ ಗಂಜಿ ನುಂಗ್ತಿದ್ರಲ್ಲ, ಈಗ ಹೇಳಿ," ಎಂದು ದಿನಕ್ಕೆರಡು ಸಲ ಕೇಳುತ್ತಿದ್ದರು. ಮಾವನ ತಟ್ಟೆ ದಿನಾ ಖಾಲಿಯಾಗುತ್ತಿತ್ತು. ಕಾಲು ಮಾತ್ರ ಊದಿಕೊಂಡಿತ್ತು. "ನಾಲಿಗೆಗೆ ರುಚಿ ಬಂತಲ್ಲ, ಮೈ ತುಂಬಿಕೊಳ್ತಿದೆ," ಎಂದರು ಅತ್ತೆ.

ಮೂರನೇ ವಾರ ಮೊಮ್ಮಗಳಿಗೆ ಹೊಟ್ಟೆನೋವು ಬಂತು. ಶಾಲೆಗೆ ಹೋಗದೆ ಮಂಚದ ಮೇಲೆ ಮುದುಡಿ ಮಲಗಿದ್ದಳು. ತಾಯಿ ಪಕ್ಕದಲ್ಲಿ ಕೂತಳು. ಹದಿನಾರು ವರ್ಷದ ಅಭ್ಯಾಸ.

"ನಿನ್ನೆ ಎದ್ದಾಗಿನಿಂದ ಮಲಗೋ ತನಕ ಏನೇನು ತಿಂದೆ?"

"ಎಲ್ಲರೂ ತಿಂದಿದ್ದೇ."

"ಎಷ್ಟು?"

"ಅಮ್ಮಾ, ನಾನು ನಿನ್ನ ಪೇಶೆಂಟಲ್ಲ."

"ಬೆಳಿಗ್ಗೆ ಎಷ್ಟು ಮೊಟ್ಟೆ?"

"ಮೂರು."

"ನಾನು ನಿನಗೆ ಒಂದು ಹಾಕಿದ್ದೆ."

ಹುಡುಗಿ ಗೋಡೆ ಕಡೆ ತಿರುಗಿದಳು. "ತಾತ ಹೇಳಬೇಡ ಅಂದಿದ್ದಾರೆ."

ವಿಷಯ ಹೊರಬರಲು ಇನ್ನೆರಡು ಪ್ರಶ್ನೆ ಸಾಕಾಯಿತು. ಅತ್ತೆ ಇನ್ನಷ್ಟು ತರಲು ಅಡುಗೆಮನೆಗೆ ತಿರುಗಿದಾಗಲೆಲ್ಲ ತಾತನ ತಟ್ಟೆ ಮೊಮ್ಮಗಳ ತಟ್ಟೆಗೆ ಬಗ್ಗುತ್ತಿತ್ತು. ಅಪ್ಪ ಮೊಬೈಲು ನೋಡುತ್ತಿರುತ್ತಾನೆ. ಅಮ್ಮ ಆಸ್ಪತ್ರೆಯಲ್ಲಿರುತ್ತಾಳೆ, ಇಲ್ಲವೇ ಎಲ್ಲರೂ ಉಂಡ ಮೇಲೆ ಉಣ್ಣುತ್ತಾಳೆ. "ತಾತನಿಗೆ ಒಂದು ತುತ್ತೂ ಇಳಿಯಲ್ಲ ಅಮ್ಮ. ವಾಸನೆ ಬಂದ್ರೇ ಹೊಟ್ಟೆ ತೊಳಸುತ್ತಂತೆ. ಅಜ್ಜಿ ಬೇಜಾರು ಮಾಡ್ಕೋತಾರೆ ಅಂತ ನಾನು ತಿಂದೆ. ನಾನೂ ಎಷ್ಟು ಅಂತ ತಿನ್ಲಿ?"

ಸೊಸೆಗೆ ತನ್ನ ಮೇಲೇ ಸಿಟ್ಟು ಬಂತು. ಕಿಡ್ನಿ ಕೈಬಿಟ್ಟಾಗ ಹಸಿವು ಸಾಯುತ್ತದೆ, ಬಾಯಿ ಕೆಡುತ್ತದೆ ಎಂದು ವಾರಕ್ಕೆ ನಾಲ್ಕು ಕುಟುಂಬಗಳಿಗೆ ಹೇಳುವವಳು ಅವಳೇ. ಬಲವಂತವಾಗಿ ತಿನ್ನಿಸಬೇಡಿ ಎಂದು ಅಚ್ಚು ಹಾಕಿಸಿದ ಕಾಗದವೂ ಅವಳ ಮೇಜಿನ ಮೇಲಿತ್ತು.

ಮಾವನ ಕೋಣೆಗೆ ಹೋದಳು. ಅವರು ಕಿಟಕಿಯ ಪಕ್ಕದ ಕುರ್ಚಿಯಲ್ಲಿದ್ದರು.

"ಕಂಡಕ್ಟರು ಬಾಯಿ ಬಿಟ್ಳು ಅಂತ ಕಾಣುತ್ತೆ," ಎಂದರು.

"ನನಗೆ ಯಾಕೆ ಹೇಳಲಿಲ್ಲ ಮಾವ?"

"ಏನಂತ ಹೇಳ್ಲಿ? ಒಂದೂವರೆ ವರ್ಷ ಉಪ್ಪು ಉಪ್ಪು ಅಂತ ನಿನ್ನ ಪ್ರಾಣ ತಿಂದೆ. ಉಪ್ಪು ಬಂತು, ಬಾಯಿ ಇಲ್ಲ." ನಗಲು ನೋಡಿದರು, ಕೆಮ್ಮು ಬಂತು. "ಏನು ಹಾಕ್ಕೊಂಡ್ರೂ ಬಾಯಲ್ಲಿ ನಟ್ಟು ಬೋಲ್ಟು ಇಟ್ಕೊಂಡ ಹಾಗಿರುತ್ತೆ. ನುಂಗಿದ್ರೆ ವಾಪಸ್ಸು ಬರುತ್ತೆ."

"ಇವತ್ತೇ ಅತ್ತೆಗೆ ಹೇಳಿಬಿಡೋಣ. ನಾನೇ ಹೇಳ್ತೀನಿ."

"ಬೇಡ."

"ಮಾವ, ಅವರಿಗೆ ತಿಳೀಬೇಕು. ಅದು ಅವರ ಹಕ್ಕು."

"ಹಕ್ಕು." ಅವರು ಆ ಮಾತನ್ನು ಬಾಯಲ್ಲಿ ಇಟ್ಟುಕೊಂಡು ನೋಡಿದಂತೆ ಕಂಡಿತು. "ಅವಳು ಬೆಳಿಗ್ಗೆ ಅಡುಗೆಮನೇಲಿ ಹಾಡು ಗುನುಗ್ತಾಳೆ, ಕೇಳಿಸ್ಕೊಂಡಿದ್ದೀಯಾ? ಮಗ ಹುಟ್ಟಿದಾಗ ಗುನುಗ್ತಿದ್ದದ್ದು. ನಿಜ ಹೇಳಿದ್ರೆ ಒಲೆ ಆರಿಸಿ ನನ್ನ ಕಾಲ ಹತ್ತಿರ ಬಂದು ಕೂತ್ಕೋತಾಳೆ. ಹದಿನೈದು ದಿನ ಅವಳು ಅಳೋದನ್ನ ನೋಡ್ತಾ ಸಾಯೋದು ನಂಗೆ ಬೇಡ. ಹೋದ ಮೇಲೆ ಹೇಗೂ ಅಳ್ತಾಳೆ. ಮುಂಗಡ ಯಾಕೆ?"

ಅಡುಗೆಮನೆಯಿಂದ ಏನೋ ಹುರಿಯುವ ಸದ್ದು ಬರುತ್ತಿತ್ತು. ಮಾವ ಕರವಸ್ತ್ರವನ್ನು ಮೂಗಿಗೆ ಹಿಡಿದುಕೊಂಡರು.

"ಊಟ ನಾನು ನಿಲ್ಲಿಸ್ತೀನಿ," ಎಂದಳು ಅವಳು.

"ಹೇಗೆ?"

"ಮತ್ತೆ ಪಥ್ಯ ಅಂತೀನಿ."

ಮಾವ ಕರವಸ್ತ್ರವನ್ನು ಕೆಳಗಿಳಿಸಿದರು. "ಎಲ್ಲಾ ನಿನ್ನ ತಲೆ ಮೇಲೇ ಬರುತ್ತಮ್ಮ." ಹದಿನಾಲ್ಕು ವರ್ಷದಲ್ಲಿ ಅವರು ಅವಳನ್ನು ಇನ್‌ಸ್ಪೆಕ್ಟರ್ ಎನ್ನದೆ ಅಮ್ಮ ಎಂದದ್ದು ಅದೊಂದೇ ಸಲ.

"ನನಗೆ ಹೊಸದೇನಲ್ಲ ಮಾವ."

ಮಾರನೆಯ ಬೆಳಿಗ್ಗೆ ಡಬ್ಬಿಗಳಿಗೆ ಮತ್ತೆ ಚೀಟಿಗಳು ಬಂದವು. ಅತ್ತೆ ಮಾರುಕಟ್ಟೆಯಿಂದ ಬಂದು ಚೀಲವನ್ನು ಕೆಳಗಿಡದೆ ನಿಂತರು.

"ಇದೇನು?"

"ಮತ್ತೆ ಪಥ್ಯ ಅತ್ತೆ. ದಿನಕ್ಕೆ ನಾಲ್ಕು ಚಮಚ ತಿಳಿ ಗಂಜಿ. ಅವರು ಕೇಳಿದ್ರೆ ಮಾತ್ರ. ಬೇರೇನೂ ಕೊಡಬಾರದು."

"ಗುಣ ಆದವರಿಗೆ ಯಾತರ ಪಥ್ಯ?"

"ಕಾಲು ಊದಿಕೊಂಡಿದೆ, ನೋಡಿದ್ದೀರಲ್ಲ."

"ಡಾಕ್ಟ್ರು ಹೇಳಿದ್ರಾ?"

"ನಾನು ಹೇಳ್ತಿದ್ದೀನಿ."

"ನೀನು." ಅತ್ತೆ ಚೀಲ ಬಿಟ್ಟರು. ಎರಡು ಈರುಳ್ಳಿ ಉರುಳಿ ಬಾಗಿಲ ತನಕ ಹೋದವು. "ಗೊತ್ತಾಯ್ತು ಬಿಡು. ಮೂರು ವಾರ ಅವರು ನನ್ನ ಕೈ ಅಡುಗೆ ತಟ್ಟೆ ನೆಕ್ಕಿ ತಿಂದ್ರು. ಅದು ನಿನ್ನ ಕಣ್ಣಿಗೆ ಚುಚ್ಚಿತು."

"ಹಾಗಲ್ಲ ಅತ್ತೆ."

"ಹಾಗೇ. ನಿಂಗೆ ಮನೆಯೂ ಆಸ್ಪತ್ರೇನೇ. ಗಂಡನ ಅಪ್ಪನೂ ಒಂದು ನಂಬರು. ನಾಲ್ಕು ಚಮಚವಂತೆ. ಬೆಕ್ಕಿಗೆ ಕೊಡೋದು ನಾಲ್ಕು ಚಮಚ."

ಒಳಕೋಣೆಯಿಂದ ಮಾವನ ದನಿ ಬಂತು. "ಏನೇ ಅದು ಗಲಾಟೆ?"

"ನಿಮ್ಮ ಸೊಸೆ ಮತ್ತೆ ಬಾಯಿಗೆ ಬೀಗ ಹಾಕ್ತಿದ್ದಾಳೆ, ಕೇಳಿಸ್ಕೊಳ್ಳಿ."

"ಇನ್‌ಸ್ಪೆಕ್ಟ್ರು ಹೇಳಿದ ಮೇಲೆ ಮುಗೀತು. ನಾವೇನು ಮಾಡೋಕಾಗುತ್ತೆ." ಆ ದನಿಯಲ್ಲಿದ್ದ ನಿರಾಳ ಅತ್ತೆಗೆ ಅಸಹಾಯಕತೆಯಾಗಿ ಕೇಳಿಸಿತು. ಸೆರಗಿನಿಂದ ಕಣ್ಣೊರೆಸಿಕೊಂಡರು. ಆ ದಿನದಿಂದ ಸೊಸೆಯೊಡನೆ ಮಾತು ಬಿಟ್ಟರು. ಹೇಳಬೇಕಾದದ್ದನ್ನು ಮೊಮ್ಮಗಳಿಗೆ ಹೇಳುತ್ತಿದ್ದರು. "ನಿಮ್ಮಮ್ಮನಿಗೆ ಹೇಳು, ಹಾಲು ಉಕ್ತಿದೆ ಅಂತ." ಸೊಸೆ ಹಾಲಿನ ಮುಂದೆಯೇ ನಿಂತಿರುತ್ತಿದ್ದಳು.

ಮಾವ ಆಮೇಲೆ ಹೆಚ್ಚು ಕಡಿಮೆ ಏನನ್ನೂ ತಿನ್ನಲಿಲ್ಲ. ತುಟಿ ಒಣಗಿದರೆ ಸೊಸೆ ಒದ್ದೆ ಹತ್ತಿ ಒತ್ತುತ್ತಿದ್ದಳು. ವಾಂತಿ ನಿಂತಿತು. ಮೊಮ್ಮಗಳು ಶಾಲೆಯಿಂದ ಬಂದು ಜೇಬಿನಲ್ಲಿ ಏನೂ ಇಲ್ಲದೆ ಅವರ ಪಕ್ಕ ಕೂತು ಪಾಠ ಓದುತ್ತಿದ್ದಳು.

ಒಂದು ಮಧ್ಯಾಹ್ನ, ಸೊಸೆ ಕೆಲಸಕ್ಕೆ ಹೋದದ್ದನ್ನು ಖಚಿತ ಮಾಡಿಕೊಂಡು, ಅತ್ತೆ ಆಲೂಗಡ್ಡೆ ಹುರಿದರು. ಜ್ವರವೆಂದು ಮನೆಯಲ್ಲಿದ್ದ ಮೊಮ್ಮಗಳು ಬಾಗಿಲ ಸಂದಿಯಿಂದ ನೋಡಿದ್ದನ್ನು ಆಮೇಲೆ ತಾಯಿಗೆ ಹೇಳಿದಳು. ಅಜ್ಜಿ ತಟ್ಟೆ ಹಿಡಿದು ಮಂಚದ ಮೇಲೆ ಕೂತು, "ರೀ, ಅವಳಿಲ್ಲ. ಒಂದೇ ಒಂದು ತುಂಡು," ಎಂದರಂತೆ. ತಾತ ಮುಖ ಗೋಡೆಗೆ ತಿರುಗಿಸಿದರಂತೆ. ಅಜ್ಜಿ ಇನ್ನೊಂದು ಸಲ ಕರೆದರು. ತಾತ ತಿರುಗಲಿಲ್ಲ. ಅಜ್ಜಿ ಹಾಗೇ ಕೂತಿದ್ದರು, ತಟ್ಟೆ ತಣ್ಣಗಾಗುವ ತನಕ.

ಮತ್ತೆ ಪಥ್ಯ ಶುರುವಾದ ಆರನೇ ದಿನ ಬೆಳಿಗ್ಗೆ ಹನ್ನೊಂದಕ್ಕೆ ಮಾವ ಹೋದರು. ಸೊಸೆ ಆಗ ಆಸ್ಪತ್ರೆಯ ತನ್ನ ಕೋಣೆಯಲ್ಲಿ, ಎದುರಿಗೆ ಕೂತ ಒಬ್ಬ ಮುದುಕನ ನಿನ್ನೆಯ ಊಟ ಬರೆದುಕೊಳ್ಳುತ್ತಿದ್ದಳು. ಅವನು ಹೇಳುತ್ತ ಹೇಳುತ್ತ ಮಧ್ಯಾಹ್ನದ ಊಟದ ತನಕ ಬಂದಿದ್ದ. ಮನೆಯಿಂದ ಬಂದ ಫೋನು ಇಟ್ಟು ಅವಳು ಆ ಸಾಲು ಪೂರ್ತಿ ಮಾಡಿದಳು, "ನಾಳೆ ಬನ್ನಿ" ಎಂದಳು, ಪೆನ್ನಿಗೆ ಕ್ಯಾಪು ಹಾಕಿದಳು. ಬಾಗಿಲು ತೆರೆದಾಗ ಹೊರಗಿದ್ದ ಯಾರೋ ಲಿಫ್ಟ್ ಕೆಟ್ಟಿದೆಯಾ ಎಂದು ಕೇಳಿದರು. ಅವಳು ಮೆಟ್ಟಿಲಿಳಿದು ಹೋದಳು.

ಬಂದವರ ಮುಂದೆ ಅತ್ತೆ ಅಳುವುದಕ್ಕಿಂತ ಹೆಚ್ಚಾಗಿ ಹೇಳಿದರು. "ಗುಣ ಆಗಿದ್ರು. ಮೂರು ವಾರ ಹುಡುಗನ ಹಾಗೆ ತಿಂದ್ರು. ಕೊನೇ ವಾರ ಉಪವಾಸ ಕೆಡವಿ ಕಳಿಸಿದ್ಳು." ಕೇಳಿದವರು ಸೊಸೆಯ ಕಡೆ ನೋಡಿ, ನೋಡಲಿಲ್ಲವೆಂಬಂತೆ ಕಾಫಿ ಕುಡಿಯುತ್ತಿದ್ದರು. ಕಾಫಿ ಕೊಡುತ್ತಿದ್ದವಳು ಅವಳೇ. ಅತ್ತೆಯ ತಂಗಿ ಲೋಟ ತೆಗೆದುಕೊಳ್ಳಲಿಲ್ಲ.

ಬಂದವರು ಹೋದ ಮೇಲೆ ಅತ್ತೆ ಹೇಳುವುದನ್ನೂ ನಿಲ್ಲಿಸಿದರು. ಆಮೇಲೆ ಊಟ ನಿಲ್ಲಿಸಿದರು. ಜಗಳವಿಲ್ಲ, ಹಟವಿಲ್ಲ. ತಟ್ಟೆ ಇಟ್ಟರೆ ಅದರ ಮುಂದೆ ಕೂರುತ್ತಿದ್ದರು. ಎತ್ತಿದರೆ ಏಳುತ್ತಿದ್ದರು. ಹನ್ನೊಂದು ದಿನವಾಗುವಷ್ಟರಲ್ಲಿ ಬೆರಳಿನ ಉಂಗುರ ಸಡಿಲವಾಗಿ ತಿರುಗುತ್ತಿತ್ತು. ನಾಲ್ಕು ಕಿಲೋ ಇಳಿದಿದ್ದಾರೆ ಎಂದು ಸೊಸೆ ಕಣ್ಣಲ್ಲೇ ಅಳೆದಳು. ಹೀಗೆ ಒಬ್ಬರ ಹಿಂದೆ ಒಬ್ಬರು ಹೊರಟುಬಿಡುವ ಮುದುಕ ಮುದುಕಿಯರನ್ನು ವಾರ್ಡಿನಲ್ಲಿ ಅವಳು ಕಂಡಿದ್ದಳು. ಅವರಿಗೆ ಕೊಡಲು ಯಾವ ಬಣ್ಣದ ಚೀಟಿಯೂ ಇರಲಿಲ್ಲ.

"ಈಗ್ಲಾದ್ರೂ ಹೇಳಿಬಿಡ್ತೀನಿ," ಎಂದ ಗಂಡ, ಹಿತ್ತಲಲ್ಲಿ. ಅಪ್ಪನಿಲ್ಲದ ಮೇಲೆ ಅವನಿಗೆ ಧೈರ್ಯ ಬಂದಿತ್ತು. "ನಿನ್ನನ್ನ ಎಲ್ಲರೂ ಹೀಗೆ ನೋಡೋದು ನನ್ನಿಂದ ನೋಡೋಕಾಗ್ತಿಲ್ಲ."

"ಏನಂತ ಹೇಳ್ತೀರಿ?"

"ನಿಜ."

"ಯಾವ ನಿಜ? ನಮ್ಮೆಲ್ಲರಿಗೂ ಗೊತ್ತಿತ್ತು ಅಮ್ಮ, ನಿನಗೊಬ್ಬಳಿಗೇ ಹೇಳಲಿಲ್ಲ ಅಂತಾನಾ? ನಿನ್ನ ಅಡುಗೆ ತಿಂದ್ರೆ ಅಪ್ಪನಿಗೆ ವಾಂತಿ ಬರ್ತಿತ್ತು, ಮಗು ತಟ್ಟೆಗೆ ಸುರೀತಿದ್ರು ಅಂತಾನಾ? ಆ ಮೂರು ವಾರ ಒಂದೇ ಈಗ ಅವರ ಹತ್ತಿರ ಇರೋದು."

ಅವನು ಬಕೆಟ್ಟಿನಿಂದ ನೆನೆದ ಬಟ್ಟೆಯೊಂದನ್ನು ಎತ್ತಿ ಹಿಂಡತೊಡಗಿದ. ಒಳಗಿನಿಂದ ಅತ್ತೆ ಕರೆದರು. ಮೊಮ್ಮಗಳನ್ನಲ್ಲ.

"ಇವಳೇ. ಬಾ ಇಲ್ಲಿ."

ಅವರು ಊಟದ ಮೇಜಿನ ಮುಂದೆ ಕೂತಿದ್ದರು. ಮಧ್ಯಾಹ್ನ ಬಡಿಸಿಟ್ಟ ಅನ್ನ, ಪಲ್ಯ ತಟ್ಟೆಯಲ್ಲಿ ಒಣಗುತ್ತಿತ್ತು. ಸೊಸೆ ಎದುರಿಗೆ ಕೂತಳು. ಅತ್ತೆ ತಟ್ಟೆಯ ಅಂಚಿನ ಮೇಲೆ ಬೆರಳಾಡಿಸುತ್ತ ಮಾತಾಡಿದರು.

"ಒಂದು ಕೇಳ್ತೀನಿ. ಬೈಯೋಕಲ್ಲ. ನೀನು ಕೆಲಸಕ್ಕೆ ಹೋದಾಗ ಒಂದಿನ ನಾನು ಅವರಿಗೆ ಕದ್ದು ತಿನ್ಸೋಕೆ ಹೋದೆ. ಮುಖ ತಿರುಗಿಸಿಬಿಟ್ರು. ನಲವತ್ತೆರಡು ವರ್ಷದಲ್ಲಿ ನಾನು ಕೊಟ್ಟಿದ್ದನ್ನ ಒಂದಿನ ಬೇಡ ಅಂದವರಲ್ಲ." ಬೆರಳು ನಿಂತಿತು. "ನನ್ನದು ಬೇಡ ಅನ್ನಿಸ್ತಾ ಅವರಿಗೆ? ನಾನೇ ಬೇಡ ಅನ್ನಿಸ್ತಾ? ನಿದ್ದೆ ಬರಲ್ಲ ನಂಗೆ. ನೀನು ಅವರ ಹತ್ತಿರ ಇರ್ತಿದ್ದೆಯಲ್ಲ. ಕೊನೇ ದಿನಗಳಲ್ಲಿ ಬಾಯಿಬಿಟ್ಟು ಏನಾದ್ರೂ ಕೇಳಿದ್ರಾ?"

ಕೊನೆಯ ದಿನಗಳಲ್ಲಿ ಮಾವ ಕೇಳಿದ್ದು ಒಂದೇ. ಒಲೆಯ ವಾಸನೆ ಬರದಂತೆ ಕೋಣೆಯ ಬಾಗಿಲು ಮುಚ್ಚು ಎಂದು.

ಗಂಡ ಹಿತ್ತಲ ಬಾಗಿಲಿಗೆ ಬಂದು ನಿಂತಿದ್ದ. ಸೊಸೆ ಅವನ ಕಡೆ ನೋಡಲಿಲ್ಲ.

"ಕೇಳಿದ್ರು ಅತ್ತೆ."

"ಏನು ಕೇಳಿದ್ರು?"

"ನೀವು ಮಾಡೋ ಆಲೂಗಡ್ಡೆ. ಕೆಂಪಗೆ ಹುರಿದದ್ದು."

"ನೀನು ಕೊಡಲಿಲ್ಲ."

"ಕೊಡಲಿಲ್ಲ."

"ನಾನು ತಂದಾಗ ಮತ್ತೆ ಯಾಕೆ..."

"ತಿನ್ನಬಾರದು ಅಂತ ನಾನೇ ಆಣೆ ಹಾಕಿಸ್ಕೊಂಡಿದ್ದೆ. ತಟ್ಟೆ ನೋಡಿದ್ರೆ ತಡೆಯೋಕಾಗಲ್ಲ ಅಂತ ತಿರುಗಿದ್ದಾರೆ."

ಅತ್ತೆಯ ಉಸಿರು ಒಮ್ಮೆ ಜೋರಾಗಿ ಹೊರಬಂತು. ಆಮೇಲೆ ತುಂಬ ಮೆಲ್ಲಗೆ ಕೇಳಿದರು. "ಒಂದೇ ಸಲ ಕೇಳಿದ್ರಾ?"

"ದಿನಾ ಕೇಳ್ತಿದ್ರು."

ಅತ್ತೆ ತಲೆಯೆತ್ತಿ ಸೊಸೆಯನ್ನು ನೋಡಿದರು. ಹನ್ನೊಂದು ದಿನದಿಂದ ಎಲ್ಲೂ ನಿಲ್ಲದಿದ್ದ ಕಣ್ಣು ಈಗ ನಿಂತಿತು.

"ನಿನ್ನನ್ನ ನಾನು ಸಾಯೋ ತನಕ ಕ್ಷಮಿಸಲ್ಲ," ಎಂದರು.

"ಬೇಡ ಅತ್ತೆ."

ಅವರು ಕುರ್ಚಿಯನ್ನು ಎಳೆದು ಸೊಸೆಗೆ ಬೆನ್ನು ಮಾಡಿ ಕೂತರು. ತಟ್ಟೆಯನ್ನು ತೊಡೆಯ ಮೇಲಿಟ್ಟುಕೊಂಡು, ಒಣಗಿದ ಅನ್ನವನ್ನು ಸಿಟ್ಟಿನಿಂದ ಕಲಸಿ, ಮೊದಲ ತುತ್ತು ಬಾಯಿಗಿಟ್ಟುಕೊಂಡರು.